ಏಣಿಯ ಬುಡದಲ್ಲಿ ನಿಂತವನು

ಕಾಮಿ ಗಂಡನ ಕವಳದ ಸಂಚಿಯ ಬಾಯಿ ಬಿಚ್ಚಿ ಮಡಿಲಲ್ಲಿ ಕೊಡವಿದಳು. ಬಾಡಿದ ಎರಡು ವೀಳ್ಯದೆಲೆ, ಅರ್ಧ ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ಚೂರು ಬಿದ್ದವು. ಅವರ ಕೇರಿಯಲ್ಲಿ ಕವಳ ಹಾಕುವ ಗಂಡಸು ಸತ್ತರೆ ಅವನ ಸಂಚಿಗೆ ಹೊಸ ಎಲೆ ಅಡಿಕೆ ತುಂಬಿ ಎದೆಯ ಮೇಲಿಟ್ಟು ಕಳಿಸುತ್ತಾರೆ. ದಾರಿಯಲ್ಲಿ ಕಂಡವರ ಹತ್ತಿರ ಕೈಯೊಡ್ಡುವ ಹಾಗಾಗಬಾರದು. ಬೊಮ್ಮು ಬದುಕಿದ್ದಾಗಲೂ ಯಾರಿಗೂ ಕೈಯೊಡ್ಡಿದವನಲ್ಲ. ಅವನು ಜನರ ಹತ್ತಿರ ಕೇಳಿದ್ದೆಲ್ಲ ಬರೀ ಹಡಗಿನ ವಿಷಯ.

ಇನ್ನೊಮ್ಮೆ ಕೊಡವಿದಾಗ ಬೀಡಿಕಟ್ಟಿನ ಕಾಗದದ ಸಣ್ಣ ಪೊಟ್ಟಣವೊಂದು ಬಿತ್ತು. ಬಿಡಿಸಿ ನೋಡಿದರೆ ಒಳಗೆ ಮರದ ಮನುಷ್ಯ. ಮೂರು ಅಕ್ಕಿಕಾಳು ಸಾಲಾಗಿಟ್ಟರೆ ಎಷ್ಟೋ ಅಷ್ಟೇ ಉದ್ದ. ನೀಲಿ ಅಂಗಿ. ಎಡ ಭುಜ ಬಲ ಭುಜಕ್ಕಿಂತ ಕೂದಲೆಳೆಯಷ್ಟು ಕೆಳಗೆ.

ಅದು ಯಾರೆಂದು ಕಾಮಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಬ್ಬುವಾಡದ ಕಲಾವತಿ ಅಕ್ಕೋರ ಗಂಡ ಸಾಯಿನಾಥ. ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಸಂಗಡವೇ ಸಮುದ್ರದ ತಳ ಸೇರಿದವನು. ಹೆಣ ಸಿಗಲಿಲ್ಲ, ಬೆಂಕಿ ಕಾಣಲಿಲ್ಲ. ಅವನಿದ್ದ ಹಡಗನ್ನೇ ಬೊಮ್ಮು ಹನ್ನೊಂದು ವರ್ಷ ಕೂತು ಮರದಲ್ಲಿ ಮಾಡಿದ್ದ. ಇವನು ಆ ಹಡಗಿನ ಎಂಜಿನ್ ಖೋಲಿಯಲ್ಲಿ ಇರಬೇಕಾದವನು. ಕವಳದ ಸಂಚಿಗೆ ಯಾವಾಗ ಬಂದ?

"ಇಲ್ಲಿಗೂ ಬಂದ್ಯಾ ನೀನು?" ಎಂದಳು ಕಾಮಿ, ಬೊಂಬೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಅವಳಿಗೆ ಸಿಟ್ಟು ಬಂದಿತ್ತು. ಗಂಡನ ಹೆಣ ಅಂಗಳದಲ್ಲಿರುವಾಗ ಹೀಗೆ ಸಿಟ್ಟು ಬರಬಾರದೆಂದು ಗೊತ್ತಿದ್ದರೂ ಬಂದಿತ್ತು. ಪೊಟ್ಟಣವನ್ನು ಹಾಗೇ ಮಡಿಸಿ ಸಂಚಿಯ ತಳಕ್ಕೆ ತುರುಕಿ, ಮೇಲೆ ಹಸಿ ಎಲೆ, ಅಡಿಕೆ ತುಂಬಿ, ದಾರ ಬಿಗಿದಳು. ಹೋಗಲಿ, ಇಬ್ಬರೂ ಒಟ್ಟಿಗೇ ಹೋಗಲಿ. ಹಡಗಿನ ಕಾಟ ಇವತ್ತಿಗೆ ಮುಗಿಯಲಿ.

"ಅತ್ಗೇ, ಆಯ್ತಾ ಇಲ್ಲಾ?" ಹೊರಗಿನಿಂದ ಬೀರು ಕೂಗಿದ. ಬೊಮ್ಮುವಿನ ತಮ್ಮ. ಬೆಳಗಿನಿಂದ ಕಟ್ಟಿಗೆ, ಬಿದಿರು, ಹಗ್ಗ ಎಂದು ಓಡಾಡಿ ಅಳುವುದಕ್ಕೂ ಪುರಸೊತ್ತು ಸಿಗದೆ ಎಲ್ಲರ ಮೇಲೂ ರೇಗುತ್ತಿದ್ದ. "ಎರಡು ಗಂಟಿಗೆ ಭರತಿ ಅದೆ. ನೀರು ಏರೂದ್ರೊಳಗೆ ಸುಟ್ಟು ಮುಗೀಬೇಕು. ಹನ್ನೊಂದಕ್ಕೆ ಎತ್ತೂದೇಯ, ಯಾರು ಬರ್ಲಿ ಬಿಡ್ಲಿ."

ಅವರ್ಸೆಯ ಆ ಕೇರಿಯವರು ಹೆಣ ಸುಡುವುದು ಕಡಲದಂಡೆಯ ಮರಳಿನಲ್ಲಿ. ಅಲ್ಲಿ ಸಮುದ್ರ ಯಾರಿಗೂ ಕಾಯುವುದಿಲ್ಲ. ಕಾಮಿ ಹೊರಗೆ ಬಂದು, ಅಂಗಳದ ಚಟ್ಟದ ಮೇಲೆ ಮಲಗಿದ್ದ ಗಂಡನ ಎದೆಯ ಮೇಲೆ ಸಂಚಿ ಇಟ್ಟಳು. ಅವನ ಕೈ ಎತ್ತಿ ಅದರ ಮೇಲಿರಿಸಿದಳು. ಬೆರಳಿನ ಉಗುರುಗಳ ಸಂದಿಯಲ್ಲಿ ಇನ್ನೂ ಬೂದು ಬಣ್ಣವಿತ್ತು. ಬೆಳಿಗ್ಗೆ ಮೀಯಿಸುವಾಗ ಉಜ್ಜಿದ್ದರೂ ಹೋಗಿರಲಿಲ್ಲ.

*

ಎಂಬತ್ನಾಲ್ಕರಲ್ಲಿ ಬೊಮ್ಮು ಕಾರವಾರದ ಹಬ್ಬುವಾಡದ ಒಂದು ಶಾಲೆಯಲ್ಲಿ ಜವಾನನಾಗಿದ್ದ. ಅದಕ್ಕೂ ಮೊದಲು ಹದಿನೆಂಟು ವರ್ಷ ಅಲ್ಲಿನ ಬಂದರಿನಲ್ಲಿ, ದೂರ ಲಂಗರು ಹಾಕಿದ ಹಡಗುಗಳಿಗೆ ಸಾಮಾನು ಒಯ್ಯುವ ದೋಣಿಯಲ್ಲಿ ಹುಟ್ಟು ಎಳೆದವನು. ಹಡಗುಗಳ ಹೊಟ್ಟೆಯ ಹತ್ತಿರವೇ ಹಾದು ಹಾದು ಅವನಿಗೆ ಹಡಗಿನ ಹುಚ್ಚು ಹಿಡಿದಿತ್ತು. ಅದರಲ್ಲೂ ಯುದ್ಧದ ಹಡಗು. ಹಳೆಯ ವಾರಪತ್ರಿಕೆಯಲ್ಲಿ ಫೋಟೋ ಕಂಡರೆ ಕತ್ತರಿಸಿ ಟ್ರಂಕಿನಲ್ಲಿಡುತ್ತಿದ್ದ. ಅವನು ಮಾಡಿದ ಮೂರು ಹಡಗುಗಳು ಶಾಲೆಯ ಗಾಜಿನ ಕಪಾಟಿನಲ್ಲಿದ್ದವು. ಹಡಗಿನ ಒಂದು ಅಡಿಗೆ ಮರದಲ್ಲಿ ಒಂದು ನೂಲು, ಅಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. ಅರ್ಧ ನೂಲು ತಪ್ಪಿದರೂ ಕಿತ್ತು ಮತ್ತೆ ಮಾಡುತ್ತಿದ್ದ. "ಅಂದಾಜಿಗೆ ಮಾಡೂದಾದ್ರೆ ಕಾಗದದ ದೋಣಿ ಸಾಕಲ್ರಾ" ಎನ್ನುತ್ತಿದ್ದ, ಹೊಗಳಲು ಬಂದ ಮಾಸ್ತರರಿಗೇ.

ಕಲಾವತಿ ಅಕ್ಕೋರು ಮೂರನೆಯ ಇಯತ್ತೆಗೆ ಕಲಿಸುತ್ತಿದ್ದರು. ಆ ವರ್ಷ ಒಂದು ದಿನ ಅವರ ಮೈದುನ ಪುರೋಹಿತರನ್ನು ಕರೆದುಕೊಂಡು ಶಾಲೆಯ ಜಗಲಿಗೇ ಬಂದ. ಹೋದವನು ಹೋಗಿ ಹನ್ನೆರಡು ವರ್ಷ ದಾಟಿತು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸೋಣ, ಆತ್ಮಕ್ಕೂ ದಾರಿ, ಮನೆಗೂ ಒಳ್ಳೆಯದು ಎಂದ.

"ಹುಲ್ಲಿನ ಗೊಂಬೆ ತೋರ್ಸಿ ಇದೇ ನಿನ್ನ ಗಂಡ ಅಂದ್ರೆ ನಾನು ಹ್ಯಾಂಗೆ ಹೂಂ ಅನ್ಲಿ?" ಎಂದರು ಅಕ್ಕೋರು. "ಅವ್ರು ಎಲ್ಲಿದ್ರು, ಎಲ್ಲಿ ನಿಂತಿದ್ರು, ಅದೂ ಗೊತ್ತಿಲ್ಲ ನಂಗೆ. ಹ್ಯಾಂಗೆ ಸುಡ್ಲಿ?"

ಗಂಟೆ ಬಾರಿಸಲು ಬಂದ ಬೊಮ್ಮು ಕೈಯಲ್ಲಿ ಕೊಡತಿ ಹಿಡಿದು ಅಲ್ಲೇ ನಿಂತುಬಿಟ್ಟಿದ್ದ. ಆ ದಿನ ಮೂರನೆಯ ಪಿರಿಯಡ್ಡು ಹತ್ತು ನಿಮಿಷ ಹೆಚ್ಚಾಯಿತು.

ಅದಾದ ಮೇಲೆ ಅವನು ಸುಮ್ಮನೆ ಕೂರಲಿಲ್ಲ. ಅದೇ ಹಡಗಿನಲ್ಲಿದ್ದು ಬದುಕಿ ಬಂದ ಮಾಬ್ಲೇಶ್ವರ ಎಂಬವನು ಕದ್ರಾದಲ್ಲಿ ವಿದ್ಯುತ್ ಮನೆಯ ಕೆಲಸದಲ್ಲಿದ್ದಾನೆಂದು ಪತ್ತೆಹಚ್ಚಿ, ಭಾನುವಾರ ಬಸ್ಸು ಹತ್ತಿ ಹೋದ. ಮಾಬ್ಲೇಶ್ವರ ಮೊದಲು ಬಾಗಿಲಲ್ಲೇ ಮಾತಾಡಿ ಕಳಿಸಿದ. ಎಂಟನೆಯ ಭಾನುವಾರ ಒಳಗೆ ಕರೆದು ಚಾ ಕೊಟ್ಟು ಹೇಳಿದ: ಸಾಯಿನಾಥ ಎಂಜಿನ್ ಖೋಲಿಯಲ್ಲಿ, ಬಲಗಡೆ, ಏಣಿಯ ಬುಡದಲ್ಲಿದ್ದ. ಮೇಲೆ ಹತ್ತುತ್ತಿದ್ದ ತನಗೆ "ನೀ ನಡಿ, ನಾ ಬಂದೆ" ಅಂದ. ಅಷ್ಟೇ ತನಗೆ ಗೊತ್ತಿರುವುದು.

ಬೊಮ್ಮುವಿಗೆ ಅಷ್ಟು ಸಾಕಾಯಿತು. ಅವರ್ಸೆಯ ಮನೆಯ ಒಳಕೋಣೆಯಲ್ಲಿ ಮೂರೂಕಾಲು ಅಡಿಯ ಹಡಗು ಏಳತೊಡಗಿತು. ಫಿರಂಗಿಯ ನಳಿಗೆಗೆ ಆಸ್ಪತ್ರೆಯಲ್ಲಿ ಎಸೆದ ಇಂಜೆಕ್ಷನ್ ಸೂಜಿ, ನಡುವಿನ ಎತ್ತರದ ಕಂಬ ಕೂವೆಮರಕ್ಕೆ ಕೊಡೆಯ ಕಡ್ಡಿ, ಕಿಟಕಿಗಳಿಗೆ ಎಕ್ಸ್‌ರೇ ಹಾಳೆ. ಹಡಗಿನ ಸುತ್ತ ಸಮುದ್ರವೂ ಬೇಕಿತ್ತು. ಹಲಗೆಯ ದೊಡ್ಡ ಪೆಟ್ಟಿಗೆ ಮಾಡಿ ಅದರಲ್ಲಿ ಹಡಗನ್ನು ಅರ್ಧ ಮುಳುಗುವಂತೆ ಕೂರಿಸಿ, ಮರದ ಹೊಟ್ಟು, ಸರೇಸಿನ ಅಂಟು, ಸುಣ್ಣ ಕಲಸಿ ಅಲೆ ಎಬ್ಬಿಸಿದ. ಆ ಸಮುದ್ರ ಒಣಗುವುದಕ್ಕೆಂದು ಕಾಮಿ ಅಂಗಳದಲ್ಲಿ ಮೀನು ಒಣಗಿಸುವ ಜಾಗ ಬಿಟ್ಟುಕೊಡಬೇಕಾಯಿತು. ಪೆಟ್ಟಿಗೆ ಒಳಗೆ ಬಂದ ಮೇಲೆ ಕೋಣೆಯಲ್ಲಿ ಚಾಪೆ ಹಾಸಲು ಜಾಗ ಉಳಿಯದೆ ಅವಳ ಹಾಸಿಗೆ ಅಡಿಗೆಮನೆಗೆ ಹೋಯಿತು.

"ನೀರಿನ ಕೆಳಗಿನದು ಯಾರಿಗೂ ಕಾಣೂದಿಲ್ಲಲ್ಲ, ಅದ್ಕೆಲ್ಲ ಎಂತಕೆ ಬಣ್ಣ?" ಎಂದು ಒಮ್ಮೆ ಕೇಳಿದ್ದಳು.

"ಅಂವ ಇರೂದೇ ಅಲ್ಲಿ ಅಲ್ದನೇ" ಎಂದಿದ್ದ ಬೊಮ್ಮು, ತಲೆ ಎತ್ತದೆ.

ಹಡಗಿನ ಮೇಲಿನ ಅಟ್ಟ ಮುಚ್ಚಳದಂತೆ ತೆಗೆದು ಬರುವ ಹಾಗೆ ಮಾಡಿ, ಒಳಗೆ ಏಣಿಯ ಬುಡದಲ್ಲಿ ಸಾಯಿನಾಥನನ್ನು, ಫೋಟೋದಲ್ಲಿದ್ದ ಹಾಗೇ ಎಡ ಭುಜ ಇಳಿಸಿ, ನಿಲ್ಲಿಸಿದ್ದ. ತೊಂಬತ್ತೊಂದರಿಂದ ಪ್ರತಿ ಡಿಸೆಂಬರಿನಲ್ಲಿ, ಹಡಗು ಮುಳುಗಿದ ತಾರೀಕಿಗೆ, ಅಕ್ಕೋರು ಕಾರವಾರದಿಂದ ಬಸ್ಸಿನಲ್ಲಿ ಬರುವರು. ಬೊಮ್ಮು ಅಟ್ಟ ತೆಗೆದು ಟಾರ್ಚು ಬಿಡುವನು. ಅವರು ಬಗ್ಗಿ ನೋಡಿ, ಕೈ ಮುಗಿದು, ಚಾ ಕುಡಿದು ಹೋಗುವರು. ಹಣೆಯ ಕುಂಕುಮ, ಕೈಯ ಬಳೆ ಹಾಗೇ ಇದ್ದವು. ಕಾಮಿ ಒಲೆಯ ಹತ್ತಿರದಿಂದಲೇ ನೋಡುತ್ತಿದ್ದಳು. ಸಂಶಯವೇನೂ ಅವಳಿಗಿರಲಿಲ್ಲ. ಆದರೆ ತನ್ನ ಗಂಡ ತನಗಾಗಿ ಒಂದು ಕಿರುಮಣೆಯನ್ನೂ ಹೀಗೆ ಅಳೆದು ಮಾಡಿರಲಿಲ್ಲ. ಆ ನೋವು ಮಾತ್ರ ಇತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇತ್ತು.

*

ಹತ್ತೂಕಾಲಿನ ಬಸ್ಸಿಗೆ ಕಲಾವತಿ ಅಕ್ಕೋರು ಇಳಿದರು. ಜೊತೆಗೆ ಮಾಬ್ಲೇಶ್ವರ. ಅಕ್ಕೋರು ಬೊಮ್ಮುವಿನ ಕಾಲಿಗೆ ನಮಸ್ಕಾರ ಮಾಡಿ ಕಾಮಿಯ ಪಕ್ಕ ಬಂದು ಕೂತರು.

"ಕಾಮಕ್ಕಾ, ಇವತ್ತು ಇದನ್ನ ಕೇಳಬಾರ್ದು" ಎಂದರು ಅಕ್ಕೋರು. "ಆದ್ರೆ ನಾಳೆ ಕೇಳಿ ಉಪಯೋಗ ಇಲ್ಲ. ಬೊಮ್ಮು ಮಾಡಿದ ನಮ್ಮವ್ರ ಬೊಂಬೆ ಉಂಟಲ್ಲ, ಅದನ್ನ ಬೊಮ್ಮು ಸಂಗಡ ಕಳಿಸ್ಬಹುದಾ? ಅದೇ ಬೆಂಕಿಯಲ್ಲಿ? ಹುಲ್ಲಿನ ಗೊಂಬೆಗೆ ನಾನು ಒಪ್ಲಿಲ್ಲ. ಇದಕ್ಕೆ ಒಪ್ತೇನೆ. ಇದು ಅವ್ರೇ. ಇಪ್ಪತ್ನಾಲ್ಕು ವರ್ಷ ಆಯ್ತು, ಅವ್ರಿಗೂ ಒಂದು ಬೆಂಕಿ ಆಗ್ಲಿ."

ಕಾಮಿ ಚಟ್ಟದ ಕಡೆ ತಿರುಗಿದಳು. ಸಂಚಿ ನಾಲ್ಕು ಮಾರು ದೂರದಲ್ಲಿ, ಬೊಮ್ಮುವಿನ ಕೈಯಡಿಯಲ್ಲಿತ್ತು. ಅವಳು ಬಾಯಿ ತೆರೆಯುವ ಮೊದಲೇ ಮಗಳು ದೀಪಾ ಎದ್ದಳು.

"ಹಡಗು ಒಳಗದೆ, ಬನ್ನಿ ಅಕ್ಕೋರೆ. ಹಡಗು ಮಾತ್ರ ನಾ ಯಾರಿಗೂ ಕೊಡೂದಿಲ್ಲ. ಅಪ್ಪನ ಕೈ ಇರೂದು ಅದ್ರಲ್ಲೇ."

"ಹಡಗು ನಿನ್ನದೇ ಮಗಾ" ಎಂದರು ಅಕ್ಕೋರು.

ದೀಪಾ ಮೇಲಿನ ಬಟ್ಟೆ ಸರಿಸಿ, ಅಟ್ಟ ತೆಗೆದು, ಟಾರ್ಚು ಹಾಕಿದಳು. ಕಾಮಿ ಬಾಗಿಲಲ್ಲಿ ನಿಂತಳು. ಅಕ್ಕೋರು ಎಂದಿನಂತೆ ಎಡಕ್ಕೆ ಬಗ್ಗಿ ನೋಡಿದರು. ಅಲ್ಲಿ ಏಣಿಯೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಸರೇಸು ಕೆರೆದ ಗುರುತು ಮಾತ್ರ ಇತ್ತು. ಏಣಿ ಈಗ ಬಲಗಡೆಯ ಗೋಡೆಗೆ ಆನಿಸಿ ನಿಂತಿತ್ತು. ಹೊಸ ಬಣ್ಣ. ಅದರ ಬುಡ ಖಾಲಿ.

"ಇಲ್ಲಿ ಇಲ್ವಲ್ಲ" ಎಂದರು ಅಕ್ಕೋರು. ಸ್ವರ ಮಕ್ಕಳದ್ದಾಗಿತ್ತು. "ಎಲ್ಲಿ ಹೋದ್ರು?"

ಮಾಬ್ಲೇಶ್ವರ ಚಪ್ಪಲಿ ಬಿಟ್ಟು ಒಳಗೆ ಬಂದ. "ಇದ್ಕೆಲ್ಲ ನಾನೇ ಕಾರಣ ಅಕ್ಕೋರೆ" ಎಂದ.

*

ಹಡಗು ನೋಡಲು ಬಾ ಎಂದು ಬೊಮ್ಮು ಎಷ್ಟು ಕರೆದರೂ ಮಾಬ್ಲೇಶ್ವರ ನಾಲ್ಕು ವರ್ಷ ತಪ್ಪಿಸಿಕೊಂಡಿದ್ದ. ಅವನಿಗೆ ಆ ಹಡಗನ್ನು ಮತ್ತೆ ನೋಡುವ ಧೈರ್ಯವಿರಲಿಲ್ಲ. ಹೋದ ತಿಂಗಳು ಯಾವುದೋ ಮದುವೆಗೆಂದು ಅಂಕೋಲೆಗೆ ಬಂದವನು ಹಾಗೇ ಅವರ್ಸೆಗೆ ಬಂದ. ಬಂದು ಹಡಗಿನ ಸುತ್ತ ಎರಡು ಸುತ್ತು ಹಾಕಿ, ಕಣ್ಣು ಒರೆಸಿಕೊಂಡು, "ಬಣ್ಣ ಸಹ ಅದೇಯ ಮಾರಾಯಾ" ಎಂದ. ಬೊಮ್ಮು ಹಿಗ್ಗಿ ಅಟ್ಟ ತೆಗೆದ. ಮಾಬ್ಲೇಶ್ವರ ಬಗ್ಗಿ ನೋಡಿದವನು ಇನ್ನೊಮ್ಮೆ ಬಗ್ಗಿ ಆಚೆ ಬದಿ ನೋಡಿದ.

"ಎಂತಾಯ್ತ್ರಾ?"

"ಏಣಿ ಈ ಬದಿಗೆ ಅಲ್ಲ ಬೊಮ್ಮು. ಆ ಬದಿಗೆ. ಬಲಗಡೆ ಅಂದಿದ್ನಲ್ಲ ನಾನು."

"ಬಲಗಡೇನೇ ಅಲ್ರಾ ಇದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬೊಮ್ಮು ಮೆಲ್ಲನೆ ನೆಲದ ಮೇಲೆ ಕೂತ. ಕಾಲು ಚಾಚಿ, ಕೈ ಎರಡೂ ಮುಂದೆ ತಂದು, ಹುಟ್ಟು ಎಳೆಯುವವನಂತೆ ಒಮ್ಮೆ ಎಳೆದ. ಹುಟ್ಟು ಎಳೆಯುವವನು ದೋಣಿಯ ಮೂತಿಗೆ ಬೆನ್ನು ಹಾಕಿ ಕೂರುತ್ತಾನೆ. ಅವನ ಬಲಗೈ ಇರುವುದು ದೋಣಿಯ ಎಡಕ್ಕೆ. ಹದಿನೆಂಟು ವರ್ಷ ಹಾಗೆ ಕೂತವನ ಮೈಗೆ ಬಲಗಡೆ ಎಂದರೆ ಅದೇ ಆಗಿಹೋಗಿತ್ತು. ಫೋಟೋ ನೋಡಿ ಮಾಡಿದ್ದೆಲ್ಲ ಸರಿಯಾಗಿತ್ತು. ಬಾಯಿಮಾತು ಕೇಳಿ ಮಾಡಿದ್ದು ಇದೊಂದೇ. ಅದೇ ತಿರುವುಮುರುವಾಗಿತ್ತು.

"ಹೋಗ್ಲಿ ಬಿಡು, ಯಾರಿಗೆ ಗೊತ್ತಾಗ್ತದೆ?" ಎಂದ ಮಾಬ್ಲೇಶ್ವರ.

"ನಾಲ್ಕು ವರ್ಷ ಅಕ್ಕೋರು ಅಂವ ನಿಲ್ಲದ ಜಾಗಕ್ಕೆ ಕೈ ಮುಗಿದ್ರು" ಎಂದ ಬೊಮ್ಮು. "ಡಿಸೆಂಬರದೊಳಗೆ ಸರಿ ಮಾಡ್ತೆ. ಅವ್ರಿಗೆ ಹೇಳ್ಬೇಡ್ರಾ."

ಮಾಬ್ಲೇಶ್ವರ ಹೊರಟ ಮೇಲೆ ಬೊಮ್ಮು ಆ ಮನುಷ್ಯನನ್ನು ಚಿಮಟದಿಂದ ಎತ್ತಿ ಬೀಡಿಕಾಗದದಲ್ಲಿ ಸುತ್ತಿದ. ಎಲ್ಲಿಡುವುದೆಂದು ಸ್ವಲ್ಪ ಯೋಚಿಸಿ ಕವಳದ ಸಂಚಿಗೆ ಹಾಕಿಕೊಂಡ. "ಜಾಗ ಆಗೂವರೆಗೆ ನನ್ನ ಸಂಗಡ ಇರ್ಲಿ. ಒಬ್ನೇ ಎಂತಕೆ?" ಎಂದುಕೊಂಡಿದ್ದ. ನಿನ್ನೆ ಸಂಜೆ ಹೊಸ ಏಣಿ ಅಂಟಿಸಿ, ಕೈ ತೊಳೆಯಲು ಎದ್ದವನು ಬಾಗಿಲ ಹತ್ತಿರ ಎದೆ ಹಿಡಿದು ಕೂತ. ಕಾಮಿ ನೀರು ತರುವುದರೊಳಗೆ ಮುಗಿದಿತ್ತು.

*

ಮಾಬ್ಲೇಶ್ವರ ತನಗೆ ಗೊತ್ತಿದ್ದಷ್ಟನ್ನು ಹೇಳಿ ಮುಗಿಸಿದ. ಬೊಂಬೆ ಎಲ್ಲಿದೆಯೆಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಬೊಮ್ಮು ಅದನ್ನು ಎತ್ತಿಟ್ಟದ್ದು ಅವನು ಹೊರಟ ಮೇಲೆ. ದೀಪಾ ಅಪ್ಪನ ಉಳಿಪೆಟ್ಟಿಗೆ, ಬಣ್ಣದ ಡಬ್ಬಿ, ಟ್ರಂಕು ಎಲ್ಲ ತಡಕತೊಡಗಿದಳು.

"ಹನ್ನೊಂದು ಹೊಡೀತು!" ಬೀರು ಅಂಗಳದಿಂದ ಕೂಗಿದ. "ಹಡಗು ಆಮೇಲೆ ನೋಡೂಕಾಗ್ತದೆ, ಅಣ್ಣನ್ನ ಆಮೇಲೆ ಕಳ್ಸೂಕಾಗೂದಿಲ್ಲ. ಎತ್ವಾ!"

ಅಕ್ಕೋರು ಹಡಗಿನ ಹತ್ತಿರವೇ ನಿಂತಿದ್ದರು. ಗೋಳಾಡಲಿಲ್ಲ. ಖಾಲಿ ಏಣಿಯ ಬುಡಕ್ಕೆ ಟಾರ್ಚು ಹಿಡಿದು, "ಪರವಾ ಇಲ್ಲ ಕಾಮಕ್ಕಾ. ನಂಗೆ ಇದು ಅಭ್ಯಾಸ ಆಗಿದೆ, ಸಿಗದೇ ಇರೂದು" ಎಂದರು.

ಕಾಮಿ ತನ್ನ ಎರಡೂ ಕೈ ನೋಡಿಕೊಂಡಳು. ಬೆಳಗಿನಿಂದ ಈ ಕೈಯಲ್ಲಿ ಗಂಡನ ಮೈ ತೊಳೆದಿದ್ದಳು. ಕೂದಲು ಬಾಚಿದ್ದಳು. ತಣ್ಣಗಾದ ಪಾದಗಳನ್ನು ಎಷ್ಟೋ ಹೊತ್ತು ಹಿಡಿದು ಕೂತಿದ್ದಳು. ಈ ಹೆಂಗಸಿಗೆ ಅಷ್ಟೂ ಸಿಕ್ಕಿಲ್ಲ. ಇಪ್ಪತ್ನಾಲ್ಕು ವರ್ಷ ಕುಂಕುಮ ಇಟ್ಟುಕೊಂಡು ಕಾದಿದ್ದಾಳೆ, ಒಂದು ಬೊಂಬೆ ನೋಡಲು ಬಸ್ಸು ಹತ್ತಿ ಇಳಿದಿದ್ದಾಳೆ. ತಾನು ಅವಳ ಗಂಡನನ್ನು ಎಲೆಯಡಿ ತುರುಕಿ ದಾರ ಬಿಗಿದೆ. ಥೂ, ಎಂಥ ಕೆಲಸ ಮಾಡಿದೆ ಎಂದು ಕಾಮಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹೊರಗೆ ನಾಲ್ಕು ಜನ ಚಟ್ಟಕ್ಕೆ ಕೈ ಹಾಕಿದ್ದರು.

"ಬಿಡ್ರಾ ಕೆಳಗೆ!" ಎಂದಳು ಕಾಮಿ.

"ಅತ್ಗೇ, ಭರತಿ..."

"ಬರ್ಲಿ ಭರತಿ. ನಿನ್ನಣ್ಣ ಮೂವತ್ತು ವರ್ಷ ನನ್ನ ಕಾಯ್ಸಿದ್ದಾನೆ. ಇವತ್ತು ಅಂವ ಸ್ವಲ್ಪ ಕಾಯ್ಲಿ."

ಅವಳು ಬೊಮ್ಮುವಿನ ಕೈ ಸರಿಸಿ ಸಂಚಿ ತೆಗೆದಳು. ಬಿಗಿದ ದಾರ ಹಲ್ಲಿನಿಂದ ಬಿಡಿಸಿದಳು. ಒಳಗೆ ಹೋಗಿ ಪೊಟ್ಟಣವನ್ನು ಅಕ್ಕೋರ ಅಂಗೈ ಮೇಲಿಟ್ಟಳು.

"ಇಲ್ಲೇ ಇದ್ದ. ನಂಗೆ ಬೆಳಿಗ್ಗೇನೇ ಗೊತ್ತಿತ್ತು ಅಕ್ಕೋರೆ. ಹೊಟ್ಟೆಕಿಚ್ಚಿಗೆ ಮುಚ್ಚಿಟ್ಟಿದ್ದೆ. ನೀವು ಬೈದ್ರೆ ಬೈಸ್ಕಂತೆ."

ಅಕ್ಕೋರು ಬೈಯಲಿಲ್ಲ. ಕಾಗದ ಬಿಡಿಸಿ ಎಷ್ಟೋ ಹೊತ್ತು ನೋಡಿದರು. ನಾಲ್ಕು ವರ್ಷ ಟಾರ್ಚಿನ ಬೆಳಕಿನಲ್ಲಿ ಮೇಲಿನಿಂದ ನೋಡಿದ್ದೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಹೆಬ್ಬೆರಳಿನಿಂದ ಆ ಕೆಳಗಿಳಿದ ಭುಜವನ್ನು ಮುಟ್ಟಿದರು.

"ಜಾಗ ತಯಾರದೆ ಅಕ್ಕೋರೆ" ಎಂದಳು ದೀಪಾ. "ಅಪ್ಪ ಇಡೂದೊಂದೇ ಬಾಕಿ ಬಿಟ್ಟದ್ದು. ನೀವೇ ಇಡಿ. ಸುಡೂದು ಬೇಡ. ಹಡಗು ಪೂರ್ತಿ ಆಗ್ಲಿ."

ಅಕ್ಕೋರು ಅವಳ ಮುಖ ನೋಡಿದರು. ಚಿಮಟ ತೆಗೆದುಕೊಂಡು ಸಾಯಿನಾಥನನ್ನು ಮೆಲ್ಲಗೆ ಕೆಳಗಿಳಿಸಿದರು. ಬಲಗಡೆ, ಏಣಿಯ ಬುಡದಲ್ಲಿ. ಅವನು ಸರಿಯಾಗಿ ನಿಂತ. ತಲೆ ಮೇಲ್ಮುಖವಾಗಿತ್ತು, ಒಂದು ಕೈ ಮುಂದಿತ್ತು. ಎಡಗಡೆಯಲ್ಲಿದ್ದಾಗ ಆ ಕೈ ಗೋಡೆಗೆ ತಾಗುತ್ತಿತ್ತು, ಇಲ್ಲಿ ಏಣಿಯ ಮೆಟ್ಟಿಲನ್ನೇ ಹಿಡಿದಂತಿತ್ತು. ಮಾಬ್ಲೇಶ್ವರ ಅದನ್ನು ನೋಡಿ ಮುಖ ತಿರುಗಿಸಿಕೊಂಡ.

"ಹೌದು, ಇಲ್ಲೇ" ಎಂದ. "ಇಲ್ಲೇ ನಿಂತು ಹೇಳಿದ್ದ. ನೀ ನಡಿ, ನಾ ಬಂದೆ ಅಂದ."

"ಬಂದೆ ಅಂದಿದ್ರಲ್ಲ" ಎಂದರು ಅಕ್ಕೋರು. "ಬರ್ಲಿ ಹಾಗಾದ್ರೆ. ಇಷ್ಟು ವರ್ಷ ಅಲ್ಲೇ ನಿಂತದ್ದು ಸಾಕು."

ಚಿಮಟ ಮತ್ತೆ ಕೆಳಗಿಳಿಯಿತು. ಅವರು ಅವನನ್ನು ಒಮ್ಮೆಲೇ ಎತ್ತಲಿಲ್ಲ. ಏಣಿಯ ಗುಂಟ ಒಂದೊಂದೇ ಮೆಟ್ಟಿಲು ಹತ್ತಿಸಿದರು. ಹನ್ನೆರಡು ಮೆಟ್ಟಿಲು. ಬೊಮ್ಮು ಒಂದನ್ನೂ ಬಿಟ್ಟಿರಲಿಲ್ಲ. ಮೇಲಿನ ಅಂಚಿಗೆ ಬಂದ ಮೇಲೆ ಅಂಗೈಗೆ ತೆಗೆದುಕೊಂಡರು. ದೀಪಾ ಆಗ ಜೋರಾಗಿ ಅತ್ತಳು, ನಿನ್ನೆಯಿಂದ ಅತ್ತಿರದವಳು. ಅತ್ತು ಮುಗಿಸಿ ತಾನೇ ಹೂಂ ಎಂದು ತಲೆಯಾಡಿಸಿದಳು.

ಅಂಗಳದಲ್ಲಿ ಅಕ್ಕೋರು ಬೊಮ್ಮುವಿನ ಪಕ್ಕ ಕೂತು ಸಂಚಿಯಲ್ಲಿ ಎಲೆಗಳ ಮೇಲೆ ಗಂಡನನ್ನು ಮಲಗಿಸಿದರು. ಕಾಮಿ ದಾರ ಕಟ್ಟಿದಳು, ಈ ಸಲ ಸಡಿಲವಾಗಿ. ಬೊಮ್ಮುವಿನ ಕೈಯನ್ನು ಮತ್ತೆ ಅದರ ಮೇಲಿರಿಸಿದಳು.

"ನೋಡಿ ಕರ್ಕಂಡು ಹೋಗಿ" ಎಂದಳು ಗಂಡನಿಗೆ. "ನಿಮ್ಗೆ ಎಡ ಬಲ ಗೊತ್ತಾಗೂದಿಲ್ಲ. ಅವನ್ನ ಕೇಳ್ಕಂಡು ನಡೀರಿ."

ಬೀರು ಇಷ್ಟು ಹೊತ್ತಿಗೆ ಬಾಯಿಗೆ ಟವೆಲ್ಲು ಒತ್ತಿ ಅಳುತ್ತಿದ್ದ. ಚಟ್ಟ ಎದ್ದಿತು. ಗಂಡಸರು ತೆಂಗಿನ ಮರಗಳ ನಡುವಿನ ಹಾದಿಯಲ್ಲಿ ಕಡಲ ಕಡೆಗೆ ಬೇಗ ಬೇಗ ನಡೆದರು. ಮಾಬ್ಲೇಶ್ವರನೂ ಒಂದು ಮೂಲೆಗೆ ಹೆಗಲು ಕೊಟ್ಟಿದ್ದ. ಸುಡುಗಾಡಿಗೆ ಹೆಂಗಸರು ಹೋಗುವ ರೂಢಿ ಅವರಲ್ಲಿಲ್ಲ. ಹಾದಿಯ ತಿರುವಿನಲ್ಲಿ ಚಟ್ಟ ಮರೆಯಾಗುವವರೆಗೆ ಇವರಿಬ್ಬರೂ ಬೇಲಿಯ ಹತ್ತಿರ ನಿಂತಿದ್ದರು.

ಹೆಣ ಎತ್ತಿದ ಮೇಲೆ ಹೆಂಡತಿಯಾದವಳು ಬಾವಿಕಟ್ಟೆಯಲ್ಲಿ ಮೀಯಬೇಕು. ಕೇರಿಯ ಹೆಂಗಸರು ಕಾಮಿಯನ್ನು ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದರು. ಒಬ್ಬಳು ಕೊಡ ಎತ್ತಿ ತಲೆಗೆ ಹೊಯ್ದಳು. ನೀರು ಇಳಿದು ಹೋದ ಮೇಲೆ ಕಾಮಿ ಕಣ್ಣು ಬಿಟ್ಟಳು. ಕಲಾವತಿ ಅಕ್ಕೋರು ಬಾವಿಯಿಂದ ಸ್ವಲ್ಪ ದೂರ, ಚೀಲ ಕಂಕುಳಲ್ಲಿಟ್ಟುಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದವರಂತೆ ನಿಂತಿದ್ದರು.

ಕಾಮಿ ಒದ್ದೆ ಸೀರೆಯಲ್ಲೇ ಎದ್ದಳು. ಹಗ್ಗ ಬಿಟ್ಟು ತಾನೇ ಇನ್ನೊಂದು ಕೊಡ ನೀರು ಸೇದಿದಳು. ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬನ್ನಿ ಅಕ್ಕೋರೆ" ಎಂದಳು.

ಅಕ್ಕೋರು ಚೀಲ ಕೆಳಗಿಟ್ಟು ಬಂದು ಕೂತರು. ಕಾಮಿ ಅವರ ತಲೆಯ ಮೇಲೆ ಕೊಡ ಬಗ್ಗಿಸಿದಳು. ನೀರು ನೆತ್ತಿಯಿಂದ ಇಳಿದು ಹಣೆಯ ಕುಂಕುಮವನ್ನು ಕರಗಿಸಿ, ಮೂಗಿನ ಗುಂಟ ಕೆಂಪಗೆ ಹರಿದು, ಬಾವಿಕಟ್ಟೆಯ ಕಾಲುವೆಯಲ್ಲಿ ಕಾಮಿಯ ನೀರಿನ ಸಂಗಡ ಸೇರಿಕೊಂಡು ತೆಂಗಿನ ಬುಡಕ್ಕೆ ಹೋಯಿತು.